ಲ್ಯಾನ್ಸರ್‌ಗಳ ಉಡುಪು ನಾಟಕದ ವೇಷವಾಗದಿರಲಿ

ಮಾನ್ಯರೇ,

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ನಾಲ್ಕು ಜನ ಹುಡುಗರು ನನ್ನ ಅಂಗಡಿಗೆ ಓಡಿ ಬಂದರು. ಮೊದಲ ಮಹಾಯುದ್ಧದ ಹೈಫಾ ಕಾಳಗದ ನೆನಪಿಗೆ ನಡೆಯುವ ಹೈಫಾ ದಿನಕ್ಕೆ ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಈಟಿ ಹಿಡಿದ ಕುದುರೆ ಪಡೆಯ ಸವಾರರ ಉಡುಪು ತೊಟ್ಟು ಕುದುರೆ ಏರುವವರು. ಬಾಡಿಗೆಗೆ ತಂದ ಪ್ಯಾಂಟು ಮೊದಲ ದಿನದ ಅಭ್ಯಾಸದಲ್ಲೇ ಹಿಂದುಗಡೆ ಸೀಳಿಹೋಗಿತ್ತು. ಪಾಲಿಯೆಸ್ಟರ್ ಬಟ್ಟೆ, ಮಿರಿಮಿರಿ ಜರಿ ಅಂಚು. ಒಬ್ಬನ ತೊಡೆಯ ಒಳಭಾಗ ಉಜ್ಜಿ ಉಜ್ಜಿ ರಕ್ತ ಬಂದಿತ್ತು. ನೋಡಿ ನನಗೆ ಬಹಳ ಬೇಜಾರಾಯಿತು.

ನಮ್ಮ ತಂದೆ ಕುದುರೆ ಸವಾರರಿಗೆ ಬಟ್ಟೆ ಹೊಲಿಯುತ್ತಿದ್ದರು. ನಾನೂ ನಲವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದೇನೆ. ಸವಾರನ ಬ್ರೀಚಸ್ ಮಾಮೂಲಿ ಪ್ಯಾಂಟಲ್ಲ. ತೊಡೆಯ ಹತ್ತಿರ ಸಡಿಲ, ಮಂಡಿಯ ಹತ್ತಿರ ಬಿಗಿ. ಜೀನಿಗೆ ತಾಗುವ ಕಡೆ ದಪ್ಪ ಹೊಲಿಗೆ ಬರಬಾರದು. ಮಂಡಿಯ ಒಳಬದಿಗೆ ಇನ್ನೊಂದು ಪದರ ಬಟ್ಟೆ ಇಲ್ಲವೇ ಚರ್ಮ ಕೂಡಿಸಬೇಕು. ಅಳತೆಯನ್ನೂ ನಿಂತಾಗ ಮಾತ್ರ ತಗೊಂಡರೆ ಸಾಲದು. ಕಾಲು ಅಗಲಿಸಿ ಕೂತಾಗ ಇನ್ನೊಮ್ಮೆ ತಗೋಬೇಕು. ನಮ್ಮ ತಂದೆ ಅಂಗಡಿಯಲ್ಲಿ ಒಂದು ಹಳೆಯ ಜೀನು ಇಟ್ಟಿದ್ದು ಇದಕ್ಕೇ. ಕೋಟಿನ ಹಿಂದೆ ಉದ್ದಕ್ಕೆ ಸೀಳು ಬಿಡಬೇಕು, ಸವಾರ ಕೂತಾಗ ಅಂಚು ಎರಡೂ ಕಡೆಗೆ ಬೀಳುವ ಹಾಗೆ.

ಕಾಲಿಗೆ ಸುತ್ತುವ ಪಟ್ಟಿಯಲ್ಲೂ ಒಂದು ಲೆಕ್ಕ ಇದೆ. ಕಾಲಾಳುಗಳು ಹಿಮ್ಮಡಿ ಕಡೆಯಿಂದ ಮೇಲಕ್ಕೆ ಸುತ್ತಿ, ಮಂಡಿಯ ಕೆಳಗೆ ದಾರ ಕಟ್ಟುತ್ತಿದ್ದರು. ಸವಾರರು ಮೇಲಿಂದ ಕೆಳಕ್ಕೆ ಸುತ್ತಿ ಹಿಮ್ಮಡಿ ಹತ್ತಿರ ಕಟ್ಟುತ್ತಿದ್ದರು. ಮಂಡಿಯ ಕೆಳಗೆ ಗಂಟಿದ್ದರೆ ಜೀನಿಗೆ ಉಜ್ಜುತ್ತದೆ ಅಲ್ವಾ? ಹುಡುಗರ ಪಟ್ಟಿಗಳನ್ನು ಕಾಲಾಳುಗಳ ಹಾಗೆ ಸುತ್ತಿಕೊಟ್ಟಿದ್ದರು.

ಈ ಉಡುಪಿಗೆ ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಕೆಲವರು ಕೇಳಬಹುದು. ಮೈಸೂರು ಲ್ಯಾನ್ಸರ್ಸ್ 1914ರಲ್ಲೇ ಈಜಿಪ್ಟಿಗೆ ಹೊರಟವರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾದಲ್ಲಿ ಜೋಧಪುರದ ಸವಾರರ ಜೊತೆಗೂಡಿ ಈಟಿ, ಕತ್ತಿ ಹಿಡಿದು ಮೆಷಿನ್ ಗನ್ನುಗಳ ಎದುರು ಕುದುರೆ ಓಡಿಸಿದರು. ಅಲ್ಲಿನ ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳತ್ತ ಹತ್ತಿದವರು ನಮ್ಮ ಮೈಸೂರಿನ ಸವಾರರು. ಊರು ಬಿಟ್ಟು ನಾಲ್ಕು ವರ್ಷ ಅವರ ಮೈಮೇಲಿದ್ದದ್ದು ದೂಳಿನ ಬಣ್ಣದ ಖಾಕಿ. ಆ ಕಾಲದ ಫೋಟೋಗಳಲ್ಲೂ ಕಾಣುವುದು ಖಾಕಿ, ರುಮಾಲು, ಕೈಯಲ್ಲಿ ಈಟಿ. ಅಂಥವರ ಹೆಸರಲ್ಲಿ ಮದುವೆ ಮೆರವಣಿಗೆಯ ಜರಿ ಕೋಟು ತೊಡಿಸುವುದು ನನಗೆ ಸರಿ ಕಾಣುವುದಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಅವರ ಸ್ಮಾರಕದ ಮುಂದೆ ಒಮ್ಮೆ ನಿಂತವರಿಗೆ ನನ್ನ ಮಾತು ಅರ್ಥವಾಗುತ್ತದೆ.

ಕಾರ್ಯಕ್ರಮ ಮಾಡುವವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಹತ್ತಿಯ ಖಾಕಿ ಡ್ರಿಲ್ ಎಂಬ ಗಟ್ಟಿ ಬಟ್ಟೆ ಕೊಡಿಸಿ. ಸ್ವಲ್ಪ ಜಾಸ್ತಿ ದುಡ್ಡಾಗುತ್ತದೆ ನಿಜ, ಆದರೆ ಹತ್ತು ವರ್ಷ ಬಾಳುತ್ತದೆ. ಸರಕಾರಿ ವಸ್ತುಸಂಗ್ರಹಾಲಯಗಳಲ್ಲಿ, ಹಳೆಯ ಸೈನಿಕರ ಮನೆಗಳಲ್ಲಿ ಉಳಿದಿರುವ ಕೋಟು, ಬ್ರೀಚಸ್‌ಗಳ ಅಳತೆ ತೆಗೆದುಕೊಳ್ಳಲು ದರ್ಜಿಗಳಿಗೆ ಒಂದು ದಿನ ಅವಕಾಶ ಕೊಡಿ. ಗಾಜಿನ ಆಚೆಯಿಂದ ನೋಡಿದರೆ ಹೊಲಿಗೆ ಕಾಣುವುದಿಲ್ಲ, ಒಳಗಡೆ ಮಗುಚಿ ನೋಡಬೇಕು. ಆ ಕಟಿಂಗ್ ಗೊತ್ತಿರುವವರು ನಮ್ಮ ಮೈಸೂರಲ್ಲಿ ಈಗ ಕೆಲವರೇ ಉಳಿದಿದ್ದೇವೆ.

ಆ ನಾಲ್ಕು ಹುಡುಗರ ಬ್ರೀಚಸ್ ನಾನೇ ಹೊಲಿದುಕೊಟ್ಟೆ. ಸಮಯ ಇರಲಿಲ್ಲ, ಕೋಟು ಮಾಡಲು ಆಗಲಿಲ್ಲ. ಈ ವರ್ಷ ಬೇಕಿದ್ದವರು ದಯವಿಟ್ಟು ಜೂನ್‌ನಲ್ಲೇ ನಿಮ್ಮೂರಿನ ದರ್ಜಿಯ ಹತ್ತಿರ ಹೋಗಿ. ಒಂದು ಬ್ರೀಚಸ್‌ಗೆ ಎರಡು ಸಲವಾದರೂ ತೊಟ್ಟು ನೋಡಬೇಕು, ಎರಡನೇ ಸಲ ಕುದುರೆ ಮೇಲೆ ಕೂತೇ.

– ಒಬ್ಬ ಹಿರಿಯ ದರ್ಜಿ, ನಜರ್‌ಬಾದ್, ಮೈಸೂರು