ಭಾನುವಾರದ ರಾಹುಕಾಲ

ಎಡಿನ್‌ಬರೋದ ನಮ್ಮ ಸಂಘದ ಪತ್ರಿಕೆಯ ಪುಟಗಳು ಇಂದು ರಾತ್ರಿಯೇ ಮುದ್ರಣಕ್ಕೆ ಹೋಗಬೇಕು. ರಾಜ್ಯೋತ್ಸವದ ಬಗ್ಗೆ ಏನಾದರೂ ಘನವಾಗಿ ಬರೆಯೋಣವೆಂದು ಕೂತರೆ ತಲೆಯಲ್ಲಿ ಸುತ್ತುತ್ತಿರುವುದು ಚಾಮರಾಜನಗರ.

ನಮ್ಮೂರಿಗೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಉಳಿಯೋದಿಲ್ಲ ಅನ್ನೋ ಮಾತು ಕೇಳಿಯೇ ಬೆಳೆದವರು ನಾವು. 1997ರಲ್ಲಿ ಊರು ಜಿಲ್ಲಾ ಕೇಂದ್ರವಾಯಿತು. ನಮಗೋ ಸಂಭ್ರಮ. ಆದರೆ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಉದ್ಘಾಟಿಸಿದ್ದು ದೂರದ ಮಲೆ ಮಹದೇಶ್ವರ ಬೆಟ್ಟದಲ್ಲಿ. ಲೋಹಿಯಾವಾದಿ, ಯಾರಿಗೂ ಅಂಜದ ಮಾತುಗಾರ. ಒಳಗೆ ಏನು ನಂಬಿದ್ದರೋ ಅವರಿಗೇ ಗೊತ್ತು. "ಬರದೇ ಇದ್ದೋರ ಕುರ್ಚಿ ಏನು ಉಳ್ಕೊಂಡಿದ್ಯಾ?" ಅಂತ ಅಪ್ಪ ಮನೆಯೊಳಗೆ ನಗುತ್ತಿದ್ದರು. ಅದೇ ಅಪ್ಪ ಹೋಟೆಲಿನಲ್ಲಿ ನಾಲ್ಕು ಜನ ಸೇರಿದಾಗ "ಹೌದೌದು, ಊರಿನ ದೋಷ ಕಣ್ರೀ" ಅನ್ನೋರು. ಮಿಕ್ಕ ಮೂವರೂ ಮನೆಗೆ ಹೋಗಿ ನಗುತ್ತಿದ್ದರೋ ಏನೋ! 2013ರಿಂದ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದರು. ದೇವರಾಜ ಅರಸರ ನಂತರ ಐದು ವರ್ಷ ಪೂರೈಸಿದ ಮೊದಲಿಗರೂ ಆದರು. ಆ ಮಾತು ಮಾತ್ರ ಆಮೇಲೂ ಸಾಯಲಿಲ್ಲ, ಬಿಡಿ.

ಇದೆಲ್ಲ ನೆನಪಾದದ್ದು ಮೊನ್ನೆಯ ಸಮಿತಿ ಸಭೆಯಿಂದ. ರಾಜ್ಯೋತ್ಸವಕ್ಕೆ ಸಭಾಂಗಣ ನಮಗೆ ಸಿಕ್ಕಿರುವುದು ಸಂಜೆ 4ರಿಂದ 8. ಭಾನುವಾರ 4.30ರಿಂದ 6 ರಾಹುಕಾಲ, ದೀಪ ಆರರ ಮೇಲೇ ಹಚ್ಚೋಣ ಎಂದು ಯಾರೋ ಅಂದರು; ಎಲ್ಲರ ತಲೆಯೂ ಆಡಿತು. ಆಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡಿದರೆ ಕಿರಿಯರು, "ನಮಗೇನಿಲ್ಲ, ದೊಡ್ಡೋರು ಬೇಜಾರು ಮಾಡ್ಕೋತಾರೆ" ಎಂದರು. ಹಿರಿಯರು, "ನಮಗೇನಿಲ್ಲಪ್ಪ, ಈಗಿನೋರೇ ಇದನ್ನೆಲ್ಲ ಜಾಸ್ತಿ ನೋಡೋದು" ಎಂದರು. ಪಕ್ಕದಲ್ಲೇ ಕೂತಿದ್ದ ಮಗಳು, "ಮತ್ತೆ ನಂಬೋರು ಯಾರಪ್ಪಾ?" ಅಂದಳು.

ಇನ್ನೊಂದು ತಮಾಷೆ. ಹಗಲನ್ನು ಎಂಟು ಪಾಲು ಮಾಡಿದರೆ ಅದರಲ್ಲೊಂದು ರಾಹುಕಾಲ. ಭಾನುವಾರ ಕೊನೆಯ ಪಾಲು. ನವೆಂಬರಿನ ಎಡಿನ್‌ಬರೋದಲ್ಲಿ ನಾಲ್ಕರ ಸುಮಾರಿಗೇ ಸೂರ್ಯ ಮುಳುಗಿರುತ್ತಾನೆ, ರಾಹುಕಾಲವೂ ಅಲ್ಲಿಗೆ ಮುಗಿದಂತೆ. ನಾವು ಕಾಯಲು ಹೊರಟಿದ್ದು ಬೆಂಗಳೂರು ಕ್ಯಾಲೆಂಡರಿನ ರಾಹುವಿಗೆ! ನಿಜವಾಗಿ ನಂಬುವವರು ಒಬ್ಬರಿದ್ದರೂ ಹೇಳಲಿ, ಗೌರವದಿಂದ ಕಾಯೋಣ. ಇಲ್ಲದವರ ಹೆಸರಿನಲ್ಲಿ ಮಕ್ಕಳ ಕೋಲಾಟ ಮೊಟಕು ಮಾಡುವುದು ನನಗೆ ಸರಿಕಾಣದು.

ಆದ್ದರಿಂದ ದೀಪ 4.30ಕ್ಕೆ. ಬಿಸಿಬೇಳೆಬಾತ್, ಮೊಸರನ್ನ ಸಂಘದ್ದು. ತಟ್ಟೆ, ಲೋಟ ನಿಮ್ಮದು. ಆ ವಾರ ಕನ್ನಡ ತರಗತಿ ಇಲ್ಲ. ಡಿಸೆಂಬರ್ ಸಂಚಿಕೆಯ ಬರಹಗಳು ತಿಂಗಳ ಕೊನೆಯೊಳಗೆ ಬರಲಿ. ಕುರ್ಚಿ ಹಾಕಲು, ಪಾತ್ರೆ ತೊಳೆಯಲು ಜನ ಬೇಕು. ಅಂದಹಾಗೆ, ಸಂಪಾದಕರಾಗಿ ನೀವೇ ಮುಂದುವರಿಯಿರಿ ಎಂದು ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದಿರಿ, ನಾನೂ ಆಗಲಿ ಎಂದೆ. ಒಳಗಿನ ಮಾತು ಬೇರೆ. ಯಾರಾದರೂ ಈ ಕೆಲಸ ವಹಿಸಿಕೊಳ್ಳಿ, ದಯವಿಟ್ಟು.