ಸುಲಿದ ಸಿಗಡಿ ಪ್ಯಾಕೆಟ್ ಇನ್ನು ನಮ್ಮಲ್ಲಿ ಸಿಗುವುದಿಲ್ಲ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ನಮ್ಮ ಸಹಕಾರ ಸಂಘದ ಬೆಳಗಾವಿ ಅಂಗಡಿಯಲ್ಲಿ ಸುಲಿದ ಫ್ರೋಜನ್ ಸಿಗಡಿ ಮಾರುವುದನ್ನು ಈ ವಾರದಿಂದ ನಿಲ್ಲಿಸಿದ್ದೇವೆ. ಭಾನುವಾರ ಜಾಸ್ತಿ ಹೋಗುತ್ತಿದ್ದದ್ದೇ ಅದು. ಹಾಗಾಗಿ ಕಾರಣ ಹೇಳಲೇಬೇಕು.

ಶ್ರಾವಣ ಮುಗಿದ ವಾರ ಹಳೆಯ ಗ್ರಾಹಕರೊಬ್ಬರು ಬಂದರು. ಅವರಿಗೆ ಉಬ್ಬಸ ಇದೆ. ಸಿಗಡಿ ಸಾರು ಉಂಡ ರಾತ್ರಿ ಉಸಿರು ಕಟ್ಟಿದಂತಾಗಿತ್ತಂತೆ. "ಇದಕ್ಕ ಏನ್ ಹಚ್ಚಿರ್ತಾರ್ರೀ? ಡಾಕ್ಟರ್ ಕೇಳ್ಯಾರ" ಅಂದರು. ಪ್ಯಾಕೆಟ್ ತಿರುಗಿಸಿ ನೋಡಿದೆವು. ಪ್ಯಾಕ್ ಮಾಡಿದ ಊರಿನ ಹೆಸರಿತ್ತು, ಬೆಳೆದ ಹೊಂಡದ್ದು ಇರಲಿಲ್ಲ. ಸಿಗಡಿ ಕಪ್ಪಾಗದಿರಲಿ ಅಂತ ಸೋಡಿಯಂ ಮೆಟಾಬೈಸಲ್ಫೈಟ್ ನೀರಿನಲ್ಲಿ ಅದ್ದುವ ರೂಢಿ ಈ ವ್ಯಾಪಾರದಲ್ಲಿದೆ. ಉಬ್ಬಸ ಇರುವ ಕೆಲವರಿಗೆ ಸಲ್ಫೈಟ್ ಆಗಿಬರುವುದಿಲ್ಲ. ಆ ಗ್ರಾಹಕರಿಗೆ ತೊಂದರೆಯಾದದ್ದು ಅದರಿಂದಲೇ ಅನ್ನುತ್ತಿಲ್ಲ. ಆದರೆ ನಮಗೇ ಗೊತ್ತಿಲ್ಲದ್ದನ್ನು ನಿಮ್ಮ ಕೈಗೆ ಹೇಗೆ ಕೊಡುವುದು?

ಅದೇ ಸಂಜೆ ಒಂದು ಕಿಲೋ ಪ್ಯಾಕೆಟ್ ಒಡೆದು ಜರಡಿಗೆ ಹಾಕಿದೆವು. ಐಸ್ ಕರಗಿ, ನೀರು ಬಸಿದ ಮೇಲೆ ತೂಗಿದರೆ 720 ಗ್ರಾಂ! ಇಷ್ಟು ದಿನ ನೀರಿಗೂ ನಿಮ್ಮಿಂದ ದುಡ್ಡು ತೆಗೆದುಕೊಂಡಿದ್ದೇವೆ. ಕ್ಷಮೆ ಇರಲಿ.

ಔಷಧದ ಚಿಂತೆ ಇದಕ್ಕಿಂತ ದೊಡ್ಡದು. ಈಗ ಮಾರುಕಟ್ಟೆಯಲ್ಲಿರುವ ಹೊಂಡದ ಸಿಗಡಿಯಲ್ಲಿ ಹೆಚ್ಚಿನ ಪಾಲು ವನಾಮಿ ಅನ್ನುವ ಜಾತಿಯದು. ಅದನ್ನು ಸಾಕಲು ನಮ್ಮ ದೇಶದಲ್ಲಿ 2009ರಲ್ಲಿ ಅನುಮತಿ ಸಿಕ್ಕಿತು. ಬೆಳೆಯುವುದು ಹೆಚ್ಚಾಗಿ ಆಂಧ್ರದಲ್ಲಿ. ಒತ್ತೊತ್ತಾಗಿ ಸಾಕಿದರೆ ರೋಗ ಬೇಗ ಹಬ್ಬುತ್ತದೆ. ಆಗ ಕೆಲವರು ಆ್ಯಂಟಿಬಯೋಟಿಕ್ ಹಾಕಿಬಿಡುತ್ತಾರೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಎರಡಕ್ಕೂ ಸಿಗಡಿ ಸಾಕಣೆಯಲ್ಲಿ ನಿಷೇಧವಿದೆ. ನೈಟ್ರೋಫ್ಯುರಾನ್ ಅಂಶ ಎಷ್ಟು ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಪರೀಕ್ಷೆಯ ವರದಿ ಕೊಡಿ ಅಂತ ಸರಬರಾಜು ಮಾಡುವವರನ್ನು ಮೂರು ಸಲ ಕೇಳಿದೆವು. ಬರಲೇ ಇಲ್ಲ.

ಇನ್ನು ಹೊಂಡದ ಪಕ್ಕದ ಹೊಲದವರ ಪಾಡು. ಅಥಣಿ, ರಾಯಬಾಗ ಕಡೆಯವರಿಗೆ ಸವಳು ಭೂಮಿ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾ? ಕರಾವಳಿಯಲ್ಲಿ ಹೊಂಡದ ಉಪ್ಪುನೀರು ಇಂಗಿ ಗದ್ದೆ, ಬಾವಿ ಕೆಟ್ಟವು. ಉಪ್ಪುನೀರಿನ ಅಂಚಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು ಕಡಿದು ಹೊಂಡ ತೋಡಿದ್ದೂ ಇದೆ. 1996ರಲ್ಲಿ ಸುಪ್ರೀಂ ಕೋರ್ಟ್ ಕಡಲಂಚಿನ ಇಂಥ ಹೊಂಡಗಳನ್ನು ತೆಗೆಯಿರಿ ಅಂದಿತು. 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ಬಂದ ಮೇಲೆ ಕರಾವಳಿಯ ಹೊಂಡಗಳಿಗೆ ನೋಂದಣಿ ಕಡ್ಡಾಯವಾಯಿತು. ನಾವೀಗ ಕೇಳುವುದು ಆ ನೋಂದಣಿ ಸಂಖ್ಯೆಯನ್ನೇ.

ಇನ್ನು ಮುಂದೆ ತಲೆ, ಚಿಪ್ಪು ಇರುವ ಇಡೀ ಸಿಗಡಿ ಮಾತ್ರ ತರಿಸುತ್ತೇವೆ. ಹೊಂಡದ ನೋಂದಣಿ ಸಂಖ್ಯೆ, ಔಷಧ ಪರೀಕ್ಷೆಯ ವರದಿ ಎರಡನ್ನೂ ತಕ್ಕಡಿ ಪಕ್ಕ ತೂಗುಹಾಕುತ್ತೇವೆ. ಸಿಕ್ಕಾಗ ಕುಮಟಾ ಕಡೆಯ ಗಜನಿ ಸಿಗಡಿಯೂ ಬರುತ್ತದೆ. ಅಘನಾಶಿನಿ ಅಳಿವೆಯ ಗಜನಿ ಗದ್ದೆಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆಯುತ್ತಾರೆ. ಕಗ್ಗ ಉಪ್ಪುನೀರನ್ನು ತಾಳಿಕೊಳ್ಳುತ್ತದೆ. ಕೊಯ್ಲಾದ ಮೇಲೆ ಸಮುದ್ರ ಉಕ್ಕಿದಾಗಿನ ಭರತದ ನೀರು ಒಳಗೆ ಬಿಡುತ್ತಾರೆ. ಅದರ ಜೊತೆ ಬಂದ ಸಿಗಡಿ ಮರಿಗಳು ಗದ್ದೆಯಲ್ಲಿ ಸಿಕ್ಕಿದ್ದನ್ನು ತಿಂದು ಬೆಳೆಯುತ್ತವೆ. ಗಾತ್ರ ಒಂದೇ ಸಮ ಇರುವುದಿಲ್ಲ, ರುಚಿ ಮಾತ್ರ ಬೇರೆಯೇ.

ಬೆಲೆ ಕಿಲೋಗೆ ₹120 ಜಾಸ್ತಿ ಆಗುತ್ತದೆ. ಕೆಲವು ವಾರ ಮಾಲು ಬರದೇ ಇರಬಹುದು. ಸುಲಿದು ಕೊಡಿ ಅಂದರೆ ನಿಮ್ಮೆದುರೇ ತೂಗಿ, ಆಮೇಲೆ ಸುಲಿದು ಕೊಡುತ್ತೇವೆ. ಅದಕ್ಕೆ ಬೇರೆ ದುಡ್ಡಿಲ್ಲ. ಭಾನುವಾರಕ್ಕೆ ಬೇಕಿದ್ದರೆ ಶುಕ್ರವಾರವೇ ಹೇಳಿಡಿ.

ಅಂಗಡಿಯಲ್ಲಿದ್ದ ಹಳೆ ಪ್ಯಾಕೆಟ್‌ಗಳನ್ನು ವಾಪಸ್ ಕಳಿಸಿದ್ದೇವೆ. ನಮ್ಮಲ್ಲಿ ಕೊಂಡದ್ದು ಒಡೆಯದೆ ನಿಮ್ಮ ಫ್ರಿಜ್‌ನಲ್ಲಿದ್ದರೆ ತನ್ನಿ, ಪೂರ್ತಿ ಹಣ ಕೊಡುತ್ತೇವೆ. ರಸೀದಿ ಬೇಕಾಗಿಲ್ಲ.

ನಿಮ್ಮ,
ಕಾರ್ಯದರ್ಶಿ ಮತ್ತು ಅಂಗಡಿಯ ಎಲ್ಲರೂ