ಒಂದು ಜಾಹೀರಾತಿನ ರಫ್ ಕೇಳಿ ನೋಡು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬರುವ ವಾರ ನಿಮ್ಮ ಡಿಸೈನ್ ಕ್ಲಾಸಿನವರನ್ನೆಲ್ಲ ಒಂದು ಜಾಹೀರಾತು ಏಜೆನ್ಸಿಗೆ ಕರೆದುಕೊಂಡು ಹೋಗುತ್ತಾರೆ ಅಂತ ನಿನ್ನಮ್ಮ ಹೇಳಿದಳು. ಕೇಳಿ ತುಂಬಾ ಖುಷಿಯಾಯಿತು. ಮೂವತ್ತು ವರ್ಷ ಅಂಥ ಆಫೀಸುಗಳಲ್ಲೇ ಕಳೆದವಳು ನಾನು. ಫೋನಿನಲ್ಲಿ ಆಡಿದ ಮಾತು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಒಳಗೆ ಹೋಗುತ್ತಲೇ ನಿಮಗೆ ಗೋಡೆ ತೋರಿಸುತ್ತಾರೆ. ಫ್ರೇಮ್ ಹಾಕಿಸಿದ ಜಾಹೀರಾತುಗಳು, ಸಾಲಾಗಿ ಇಟ್ಟ ಪ್ರಶಸ್ತಿಗಳು. ನೋಡು, ಖುಷಿಪಡು. ಆದರೆ ಅಲ್ಲೇ ನಿಂತುಬಿಡಬೇಡ. ಆ ಗೋಡೆಯಲ್ಲಿ ನಿನಗೆ ಹಿಡಿಸಿದ ಒಂದನ್ನು ಆರಿಸಿಕೋ. 'ಇದರ ಬ್ರೀಫ್ ಹೇಗಿತ್ತು, ಇದಕ್ಕೆ ಮಾಡಿದ ಬೇರೆ ರಫ್‌ಗಳಿದ್ದರೆ ತೋರಿಸ್ತೀರಾ' ಅಂತ ಕೇಳು. ರಫ್ ಅಂದರೆ ಮೊದಲು ಬಿಡಿಸಿ ನೋಡುವ ಕರಡು ಚಿತ್ರ. ಹೊಸ ಕೆಲಸವಾದರೆ ತೋರಿಸಲಿಕ್ಕಿಲ್ಲ, ಅದು ಕ್ಲೈಂಟಿನ ಗುಟ್ಟು. ಹಳೆಯದಾದರೆ ಯಾರಾದರೂ ಡ್ರಾಯರ್ ತೆಗೆದೇ ತೆಗೆಯುತ್ತಾರೆ. ತಾವು ಬಿಟ್ಟ ರಫ್‌ಗಳ ಬಗ್ಗೆ ಯಾರೂ ಕೇಳುವುದಿಲ್ಲವಲ್ಲ, ಕೇಳಿದವರ ಮೇಲೆ ಅವರಿಗೆ ಪ್ರೀತಿ ಹುಟ್ಟುತ್ತದೆ. ಇಡೀ ದಿನ ಈ ಒಂದು ಕೆಲಸ ಮಾಡಿಕೊಂಡು ಬಂದರೂ ಸಾಕು ನನಗೆ.

ಬ್ರೀಫ್ ಅಂದರೆ ಹೆಚ್ಚೆಂದರೆ ಒಂದೆರಡು ಪುಟ. ಯಾರಿಗೆ ಹೇಳಬೇಕು, ಏನು ಹೇಳಬೇಕು, ಅವರು ಅದನ್ನು ಯಾಕೆ ನಂಬಬೇಕು, ಎಲ್ಲಿ ಬರುತ್ತದೆ, ಯಾವತ್ತಿಗೆ ಬೇಕು. ಕ್ಲೈಂಟ್ ಹೇಳಿದ್ದನ್ನೆಲ್ಲ ಸರ್ವಿಸಿಂಗ್‌ನವರು, ಅಂದರೆ ಕ್ಲೈಂಟಿನ ಜೊತೆ ಮಾತಾಡುವವರು, ತಂದು ಸುರಿಯುತ್ತಾರೆ. ಆ ರಾಶಿಯನ್ನು ಸೋಸಿ ಒಂದೇ ಸಾಲಿಗೆ ಇಳಿಸಬೇಕು. ಕೊಳ್ಳುವವರ ಮನಸ್ಸು ತಿಳಿದು ಅವರ ಪರವಾಗಿ ಮಾತಾಡುವ ಒಬ್ಬರು ಏಜೆನ್ಸಿಯೊಳಗೇ ಇರಬೇಕು ಅನ್ನುವ ಪದ್ಧತಿ 1968ರ ಸುಮಾರಿಗೆ ಲಂಡನ್ನಿನ ಎರಡು ಏಜೆನ್ಸಿಗಳಲ್ಲಿ ಶುರುವಾಯಿತು. ಒಂದು ಕಡೆ ಸ್ಟೀಫನ್ ಕಿಂಗ್ (ಕಾದಂಬರಿ ಬರೆಯುವವರಲ್ಲ), ಇನ್ನೊಂದು ಕಡೆ ಸ್ಟ್ಯಾನ್ಲಿ ಪಾಲಿಟ್. ಆ ರಾಶಿಯನ್ನು ಸೋಸುವ ಅಂಥವರನ್ನು ಈಗ ಪ್ಲಾನರ್ ಅನ್ನುತ್ತಾರೆ. ಡಿಸೈನ್ ವಿದ್ಯಾರ್ಥಿಗಳು ಅವರ ಮೇಜಿನ ಹತ್ತಿರ ಹೋಗುವುದೇ ಇಲ್ಲ. ನೀನು ಹೋಗು.

ನೈಕಿಯ ಗುರುತು ನಿನಗೆ ಗೊತ್ತೇ ಇದೆ. ಅದನ್ನು ಬಿಡಿಸಿದಾಗ ಕ್ಯಾರೊಲಿನ್ ಡೇವಿಡ್ಸನ್ ನಿನ್ನ ಹಾಗೆಯೇ ಡಿಸೈನ್ ಓದುತ್ತಿದ್ದ ಹುಡುಗಿ. ಅದು 1971. ಕೊಟ್ಟದ್ದು 35 ಡಾಲರ್ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಅವಳಿಗೆ ಕೊಟ್ಟ ಬ್ರೀಫ್ ಮುಖ್ಯ. ಚಲನೆ ಕಾಣಬೇಕು, ಅಡಿಡಾಸ್‌ನ ಪಟ್ಟಿಗಳ ಹಾಗೆ ಇರಬಾರದು. ಅವಳು ಶೂವಿನ ಚಿತ್ರದ ಮೇಲೆ ತೆಳು ಕಾಗದ ಇಟ್ಟು ಬಿಡಿಸಿ ನೋಡಿದಳು. ಗುರುತು ಬಿಳಿ ಹಾಳೆಯ ಮೇಲೆ ಚೆನ್ನಾಗಿದ್ದರೆ ಸಾಲದು, ಶೂವಿನ ಪಕ್ಕೆಯ ಮೇಲೆ ಕೂರಬೇಕು ಅಲ್ವಾ? ಹಲವು ರಫ್ ತೋರಿಸಿದಳು, ಒಂದನ್ನು ಇಟ್ಟುಕೊಂಡರು. ಉಳಿದವುಗಳನ್ನೂ ಒಮ್ಮೆ ನೋಡಬೇಕು ಅಂತ ನನಗೆ ಇವತ್ತಿಗೂ ಆಸೆ.

ಕಾಪಿರೈಟರ್ ಮತ್ತು ಆರ್ಟ್ ಡೈರೆಕ್ಟರ್ ಒಟ್ಟಿಗೆ ಕೂತಿರುವುದನ್ನು ನೋಡುತ್ತೀಯ. ಮೊದಲು ಹಾಗಿರಲಿಲ್ಲ. ಬರೆಯುವವರು ಬರೆದು ಕಳಿಸುತ್ತಿದ್ದರು, ಇನ್ನೊಂದು ಕೋಣೆಯಲ್ಲಿ ಅದಕ್ಕೆ ಚಿತ್ರ ಹಾಕುತ್ತಿದ್ದರು. 1949ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಡಾಯ್ಲ್ ಡೇನ್ ಬರ್ನ್‌ಬಾಕ್ ಏಜೆನ್ಸಿಯಲ್ಲಿ ಬಿಲ್ ಬರ್ನ್‌ಬಾಕ್ ಇಬ್ಬರನ್ನೂ ಜೋಡಿ ಮಾಡಿ ಕೂರಿಸಿದರು. ಅಲ್ಲಿಂದಲೇ 1959ರಲ್ಲಿ ಫೋಕ್ಸ್‌ವ್ಯಾಗನ್‌ನ ಆ ಪುಟ ಬಂತು. ಅಮೆರಿಕದಲ್ಲಿ ಎಲ್ಲರೂ ದೊಡ್ಡ ಕಾರಿನ ಹಿಂದೆ ಬಿದ್ದಿದ್ದ ಕಾಲ. ಪುಟದ ತುಂಬಾ ಖಾಲಿ ಜಾಗ, ಒಂದು ಮೂಲೆಯಲ್ಲಿ ಪುಟ್ಟ ಕಾರು. 'ಸಣ್ಣದಾಗಿ ಯೋಚಿಸಿ' ಅನ್ನುವ ಅರ್ಥದ ಎರಡೇ ಪದ. ಪದಗಳು ಜೂಲಿಯನ್ ಕೋನಿಗ್ ಅವರದು, ಲೇಔಟ್ ಹೆಲ್ಮುಟ್ ಕ್ರೋನ್ ಅವರದು. ಕಾರನ್ನು ದೊಡ್ಡದು ಮಾಡಿ ನೋಡು, ಮಾತು ಸುಳ್ಳಾಗುತ್ತದೆ. ಮಾತು ತೆಗೆದು ನೋಡು, ಖಾಲಿ ಜಾಗ ಅಳತೆ ತಪ್ಪಿದ ಹಾಗೆ ಕಾಣುತ್ತದೆ. ನಿನ್ನ ಪೋರ್ಟ್‌ಫೋಲಿಯೋದಲ್ಲಿ ಚಿತ್ರ ತುಂಬಾ ಚೆನ್ನಾಗಿದೆ, ಪದಗಳು ಮಾತ್ರ ಸುಮ್ನೆ ತುಂಬಿಸಿದ ಹಾಗಿವೆ. ಬೇಜಾರಾಗಬೇಡ, ಕಂಡದ್ದನ್ನೇ ಹೇಳುತ್ತಿದ್ದೇನೆ. ಬರೆಯುವ ಗೆಳತಿ ಒಬ್ಬಳನ್ನು ಈಗಲೇ ಹುಡುಕಿಕೋ.

ಅಚ್ಚಿಗೆ ಫೈಲ್ ಸಿದ್ಧ ಮಾಡುವ ಸ್ಟುಡಿಯೋ ಕಡೆ ಬೇಗ ಬೇಗ ದಾಟಿಸಿಬಿಡುತ್ತಾರೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲು. ಪುಟದ ಅಂಚಿನಾಚೆ ಬಿಡುವ ಬ್ಲೀಡ್ 3 ಮಿ.ಮೀ., ಫೋಟೋ ಇಂಚಿಗೆ 300 ಚುಕ್ಕಿ (300 ಡಿಪಿಐ), ಬಣ್ಣ ಮುದ್ರಣದ ನಾಲ್ಕು ಶಾಯಿಗಳಲ್ಲಿ (ಸಿಎಂವೈಕೆ) ಅನ್ನುವುದನ್ನು ನಿಮಗೆ ಕ್ಲಾಸಿನಲ್ಲೇ ಹೇಳಿರುತ್ತಾರೆ. ಸಣ್ಣ ಕಪ್ಪು ಅಕ್ಷರವನ್ನು ನಾಲ್ಕು ಬಣ್ಣ ಸೇರಿಸಿ ಮಾಡಿದರೆ ಮುದ್ರಣದಲ್ಲಿ ಯಾವುದಾದರೂ ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚು ಮಬ್ಬಾಗುತ್ತದೆ. ಇಂಥದ್ದನ್ನು ಪ್ರತಿ ಫೈಲಿನಲ್ಲೂ ನೋಡಿ ಸರಿಪಡಿಸುವವರು ಅಲ್ಲಿ ಕೂತಿರುತ್ತಾರೆ. ಅವರ ಹೆಸರು ಗೋಡೆಯ ಮೇಲೆ ಬರುವುದಿಲ್ಲ.

ನನ್ನ ಕೈಯಿಂದ ಆದ ಒಂದು ತಪ್ಪು ನಿನಗೆ ಹೇಳಿಯೇ ಇಲ್ಲ. ಕಂಪ್ಯೂಟರ್ ಬರುವ ಮುಂಚಿನ ಮಾತು. ಅಕ್ಷರಗಳ ಬ್ರೋಮೈಡ್ ಪ್ರಿಂಟ್ (ಫೋಟೋ ಕಾಗದದ ಮೇಲಿನ ಪ್ರತಿ) ತರಿಸಿ, ಬ್ಲೇಡಿನಲ್ಲಿ ಕತ್ತರಿಸಿ, ರಬ್ಬರ್ ಸಲ್ಯೂಷನ್ ಹಚ್ಚಿ ಬೋರ್ಡಿನ ಮೇಲೆ ಅಂಟಿಸುತ್ತಿದ್ದೆವು. ಒಂದು ಪತ್ರಿಕಾ ಜಾಹೀರಾತಿನ ಫೋನ್ ನಂಬರಿನಲ್ಲಿ ಕೊನೇ ಗಳಿಗೆಯಲ್ಲಿ ಒಂದು ಅಂಕಿ ಬದಲಾಯಿತು. ಅಕ್ಕಿ ಕಾಳಿನಷ್ಟು ಚೂರು ಕತ್ತರಿಸಿ, ಚಿಮಟದಲ್ಲಿ ಹಿಡಿದು ಕೂರಿಸಿದೆ. ಗೆರೆಗೆ ಸರಿಯಾಗಿ ಕೂತಿತು. ಎಷ್ಟು ಚಂದ ಕೂತಿತು ಅಂತ ನಾನೇ ಮೆಚ್ಚಿಕೊಂಡೆ. ಬೆಳಿಗ್ಗೆ ಪೇಪರ್ ಬಂದಾಗ ನೋಡಿದರೆ 6 ತಲೆಕೆಳಗಾಗಿ 9 ಆಗಿದೆ. ಅವತ್ತಿಡೀ ಕರೆಗಳು ಯಾರದೋ ಮನೆಗೆ ಹೋದವು. ಆ ಮನೆಯವರು ಸಿಟ್ಟಾಗದೆ, ಕರೆ ಮಾಡಿದವರಿಗೆಲ್ಲ ನಂಬರ್ ತಪ್ಪಾಗಿದೆ ಅಂತ ಹೇಳುತ್ತಾ ಕೂತಿದ್ದರಂತೆ. ಅದನ್ನು ಕೇಳಿ ನನಗೆ ಅಳುವೇ ಬಂತು.

ಸ್ಟುಡಿಯೋದ ಹಿರಿಯರು ಬೈಯಲಿಲ್ಲ. ಮುಂದಿನ ಜಾಹೀರಾತು ಹೋಗುವ ಮುಂಚೆ ನನ್ನನ್ನು ಕರೆದು, ನಂಬರನ್ನು ಕೊನೆಯಿಂದ ಮೊದಲಿಗೆ, ಒಂದೊಂದೇ ಅಂಕಿ ಗಟ್ಟಿಯಾಗಿ ಓದಿಸಿದರು. ಅವರು ಕ್ಲೈಂಟಿನ ಪತ್ರ ಹಿಡಿದು ಒಂದೊಂದಕ್ಕೂ ಹೂಂ ಅಂದರು. ಮುಂದಿನಿಂದ ಓದಿದರೆ ಕಣ್ಣು ತನಗೆ ಗೊತ್ತಿರುವುದನ್ನೇ ಓದುತ್ತದೆ ಅಂತಿದ್ದರು. ನಾನು ಈಗಲೂ ಹಾಗೇ ಓದುತ್ತೇನೆ. ನೀನು ಹೋದ ಕಡೆ ಕೊನೆಯ ಸಲ ಯಾರು ಓದುತ್ತಾರೆ, ಹೇಗೆ ಓದುತ್ತಾರೆ ಅಂತ ಕೇಳಿಕೊಂಡು ಬಾ.

ಇನ್ನೊಂದು ವಿಷಯವಿದೆ, ಅದನ್ನು ಅಲ್ಲಿ ಯಾರೂ ತಾವಾಗಿ ಎತ್ತಲಿಕ್ಕಿಲ್ಲ. ಜಾಹೀರಾತಿನ ಕೆಳಗೆ ಷರತ್ತುಗಳ ಸಾಲು ಇರುತ್ತದಲ್ಲ, ಅದನ್ನು ಇನ್ನೂ ಸಣ್ಣದು ಮಾಡು, ಬೂದು ಬಣ್ಣ ಮಾಡು ಅಂತ ಒಂದು ದಿನ ನಿನಗೆ ಹೇಳುತ್ತಾರೆ. ಕೆಲಸ ಕಲಿತ ಕೈಗೆ ಅದು ಎರಡು ನಿಮಿಷದ ಮಾತು. ಆದರೆ ಆ ಸಾಲನ್ನು ಓದಲಾಗದೇ ಜಾಹೀರಾತು ನಂಬಿ ದುಡ್ಡು ಕಟ್ಟುವವರು ಇರುತ್ತಾರೆ, ಅವರಲ್ಲಿ ನನ್ನ ವಯಸ್ಸಿನ ಕಣ್ಣಿನವರೂ ಇರುತ್ತಾರೆ. 'ಇಷ್ಟು ಸಣ್ಣದಾದರೆ ಓದೋಕಾಗಲ್ಲ' ಅಂತ ಒಂದು ಸಲ ಬಾಯಿಬಿಟ್ಟು ಹೇಳು. ನಾನು ಹೇಳಿದಾಗಲೆಲ್ಲ ಅವರು ಕೇಳಿದರು ಅಂತಲ್ಲ. ಕೇಳಿದ ಸಲ ಆ ಅಕ್ಷರ ಎರಡು ಪಾಯಿಂಟ್ ದೊಡ್ಡದಾಗಿ ಅಚ್ಚಾಯಿತು. ಹೇಳದೇ ಇದ್ದ ಸಲಗಳೂ ನೆನಪಿವೆ ನನಗೆ. ಅವು ಮನಸ್ಸಿನಿಂದ ಹೋಗುವುದಿಲ್ಲ.

ಫೋನ್ ಬ್ಯಾಗಿನಲ್ಲೇ ಇರಲಿ. ಯಾರ ಸ್ಕ್ರೀನಿನ ಫೋಟೋವನ್ನೂ ತೆಗೆಯಬೇಡ. ಹೊರಗೆ ಬರದ ಕೆಲಸ ಅಲ್ಲಿ ಎಲ್ಲ ಕಡೆ ಹರಡಿಕೊಂಡಿರುತ್ತದೆ. ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್ ಸಾಕು. ಇಂಟರ್ನ್‌ಶಿಪ್ ಬಗ್ಗೆ ಅವತ್ತೇ ಕೇಳಬೇಡ. ಹೆಸರು ಬರೆದುಕೊಂಡು ಬಾ, ವಾರದ ಮೇಲೆ ಅವರು ತೋರಿಸಿದ ಒಂದು ಕೆಲಸದ ಬಗ್ಗೆ ನಾಲ್ಕು ಸಾಲು ಬರೆದು ಆಮೇಲೆ ಕೇಳು.

ಬಂದ ಮೇಲೆ, ನೀನು ನೋಡಿದ ಒಂದು ಹಳೆಯ ಬಿಟ್ಟ ರಫ್ ಅನ್ನು ನೆನಪಿನಿಂದ ಬಿಡಿಸಿ ನನಗೆ ಕಳಿಸು. ಪಕ್ಕದಲ್ಲಿ ಅದರ ಬ್ರೀಫಿನ ಒಂದು ಸಾಲು ಬರೆ. ಯಾಕೆ ಬಿಟ್ಟರು ಅಂತ ಅವರು ಹೇಳಿದ್ದು ಒಂದು ಕಡೆ, ನಿನಗೆ ಅನ್ನಿಸಿದ್ದು ಇನ್ನೊಂದು ಕಡೆ ಬರೆ. ಎರಡೂ ಒಂದೇ ಆಗಿರಬೇಕೆಂದೇನಿಲ್ಲ. ಕಾಗದದ ಮೇಲೆಯೇ ಕಳಿಸು, ನನಗೆ ನಿನ್ನ ಪೆನ್ಸಿಲ್ ಗೆರೆ ನೋಡಬೇಕು.

ನಿನ್ನ
ದೊಡ್ಡಮ್ಮ